ಇಳಿದ ಪಂಚಮ

ಭಾನುವಾರ ಮಲ್ಲೇಶ್ವರದ ಒಂದು ದೇವಸ್ಥಾನದಲ್ಲಿ ಸಂಗೀತ ಕಚೇರಿ. ಭೈರವಿ ರಾಗದ ಆಲಾಪನೆ ಮುಗಿಯುತ್ತಿದ್ದಂತೆ ನನ್ನ ಪಿಟೀಲಿನ ಮೇಲಿನ ಪಂಚಮದ, ಅಂದರೆ ‘ಪ’ ಸ್ವರದ, ತಂತಿ ಟಪ್ ಅಂತ ಕಿತ್ತುಹೋಯಿತು. ಗಾಯಕರು ತಿರುಗಿ ನೋಡಿದರು. ಒಳ್ಳೆಯವರೇ ಪಾಪ, ಆದರೆ ಅವರಿಗೆ ಪಿಟೀಲು ಅಂದರೆ ಸೀಲಿಂಗ್ ಫ್ಯಾನು. ನಿಂತಾಗ ಮಾತ್ರ ನೆನಪಾಗುತ್ತದೆ.

ಅವರು ಕೃತಿ ಶುರು ಮಾಡಿಯೇಬಿಟ್ಟರು. ನಾನು ತಲೆ ಬಗ್ಗಿಸಿ ಹೊಸ ತಂತಿ ಸುತ್ತಿ, ಮೃದಂಗದ ಸದ್ದಿನ ನಡುವೆಯೇ ಮೀಟಿ ಮೀಟಿ ಶ್ರುತಿ ಸೇರಿಸಿದೆ. ಕೃತಿಯ ಎರಡನೇ ಭಾಗ, ಅನುಪಲ್ಲವಿಯ ಹೊತ್ತಿಗೆ ಕಮಾನು ಕೈಯಲ್ಲಿತ್ತು.

ಎಲ್ಲ ಮೇಷ್ಟ್ರು ಮಾಡಿಸಿದ ಅಭ್ಯಾಸ. ಬಸವನಗುಡಿಯ ಅವರ ಮನೆಯಲ್ಲಿ ನಾನು ನೀರು ಕುಡಿಯಲು ಎದ್ದರೆ ಸಾಕು, ವಾಪಸ್ ಬರುವಷ್ಟರಲ್ಲಿ ತಂತಿ ಬಿಗಿಯುವ ನಾಲ್ಕೂ ಬಿರಡೆ ಸಡಿಲ. ಶ್ರುತಿಪೆಟ್ಟಿಗೆಯಲ್ಲಿ ಒಂದೇ ಸಲ ಷಡ್ಜ, ಅಂದರೆ ‘ಸ’, ಆಮೇಲೆ ಬಂದ್. "ಹೂಂ, ಸೇರಿಸು." ನಾಲ್ಕು ತಂತಿಯೂ ಸ-ಪ-ಸ-ಪ ಅಂತ ಸೇರುವ ತನಕ ಪಾಠವಿಲ್ಲ. ಕೆಲವು ದಿನ ಮುಕ್ಕಾಲು ಗಂಟೆ ಅದರಲ್ಲೇ ಹೋಗುತ್ತಿತ್ತು. ಫೀಸು ಕೊಡುವ ಅಮ್ಮನಿಗೆ ಉರಿ. 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನಕ್ಕೆ ಕರೆದುಕೊಂಡು ಹೋದರೂ ಅದೇ ಕಥೆ. "ಹಾಡೋಕೆ ಮುಂಚೆ ಶ್ರುತಿ ಸೇರಿಸ್ತಾರಲ್ಲ, ಅದನ್ನ ಕೇಳಿಸ್ಕೋ" ಅನ್ನುವರು. ನನ್ನ ಕಣ್ಣೆಲ್ಲ ಚುರುಮುರಿ ಗಾಡಿ ಮೇಲೆ.

ಸೋಮವಾರ ಹೆಮ್ಮೆಯಿಂದ ಫೋನ್ ಮಾಡಿದೆ. ಈಗ ಅವರಿಗೆ ಕಿವಿ ಮಂದ. ಕಿರುಚಿಯೇ ಹೇಳಿದೆ, "ನೀವು ಕಲಿಸಿದ್ದು ಮಾನ ಉಳಿಸ್ತು ಮೇಷ್ಟ್ರೇ."

"ಅದಿರ್ಲಿ. ಹೊಸ ತಂತೀದು ಶ್ರುತಿ ಇಳಿಯತ್ತೆ. ಆಮೇಲೆ ಎಷ್ಟು ಸಲ ಏರಿಸ್ದೆ?"

"ಎರಡು ಸಲ."

"ಹಾಗಾದ್ರೆ ಕೊನೇಲಿ ಮಂಗಳಕ್ಕೆ ಮತ್ತೆ ಇಳಿದಿತ್ತಲ್ಲಮ್ಮ?"

ಇಳಿದಿತ್ತು. ಮಧ್ಯಮಾವತಿ ರಾಗದಲ್ಲಿ, ಕೂದಲೆಳೆಯಷ್ಟು. ಆ ಖಾಲಿ ತಂತಿ ಮುಟ್ಟದೆ ಪಕ್ಕದ ತಂತಿಯಲ್ಲೇ ಪಂಚಮ ಹಿಡಿದು ಹೇಗೋ ದಾಟಿಸಿದ್ದೆ. ಗಾಯಕರು ಭೇಷ್ ಅಂದಿದ್ದರು. ಕಚೇರಿಗೆ ಬಂದೇ ಇರದ ಮನುಷ್ಯ ಮನೆಯಲ್ಲಿ ಕೂತು ಹಿಡಿದುಬಿಟ್ಟರು!

"ಇಳಿದಿತ್ತಲ್ಲಮ್ಮ?" ನಾಲ್ಕು ದಿನದಿಂದ ಅದೇ ಕಿವಿಯಲ್ಲಿದೆ. ನನ್ನ ಹತ್ತಿರ ಕಲಿಯುವ ಮಕ್ಕಳು ಶ್ರುತಿ ತೋರಿಸುವ ಫೋನಿನ ಆ್ಯಪ್ ನೋಡಿ "ಹಸಿರು ಬಂತು ಮಿಸ್" ಅನ್ನುತ್ತಾರೆ. ನಾನು ಸರಿ ಅನ್ನುತ್ತೇನೆ. ಜಾಸ್ತಿ ಹಿಂಸೆ ಕೊಟ್ಟರೆ ಬಿಟ್ಟುಹೋಗುತ್ತಾರೆ ಅಂತ ಭಯ. ಮೇಷ್ಟ್ರಿಗೂ ಆ ಭಯ ಇತ್ತೇನೋ. ಅವರದೂ ಬಾಡಿಗೆ ಮನೆ, ಪಾಠದ ಫೀಸಿನಲ್ಲೇ ಸಂಸಾರ. ಆದರೂ ದಿನಾ ಬಿರಡೆ ತಿರುಗಿಸುತ್ತಿದ್ದರು, ಅಲ್ವಾ?

ನಿನ್ನೆ ಒಬ್ಬಳು ನೀರು ಕುಡಿಯಲು ಒಳಗೆ ಹೋದಳು. ಪಿಟೀಲು ಚಾಪೆ ಮೇಲಿತ್ತು. ಒಂದು ಬಿರಡೆ ಸಡಿಲ ಮಾಡಿದೆ. ನಾಲ್ಕೂ ಮಾಡಲು ಕೈ ಬರಲಿಲ್ಲ.