ಕಾರ್ಡ್ ಕೀಳೋ ಮುಂಚೆ

ಇವತ್ತು ಛತ್ರದ ಹೊರಗೆ ಡ್ರೋನ್ ಇಳಿದಿದ್ದೇ ತಡ, ಹುಡುಗ ಅದರ ಮೆಮೊರಿ ಕಾರ್ಡಿಗೆ ಉಗುರು ಹಾಕಿದ.
ರೆಕಾರ್ಡಿಂಗ್ ಇನ್ನೂ ಆನ್!

ಎಂಪಿ4 ವಿಡಿಯೋ ಫೈಲಿನ ಸೂಚಿ (ಯಾವ ಭಾಗ ಎಲ್ಲಿದೆ ಅನ್ನೋ ಪಟ್ಟಿ) ಸಾಮಾನ್ಯವಾಗಿ ಬರೆಯೋದೇ ಕೊನೆಗೆ, ಸ್ಟಾಪ್ ಒತ್ತಿದ ಮೇಲೆ. ಅಷ್ಟರೊಳಗೆ ಕಾರ್ಡ್ ಎಳೆದರೆ ವಿಡಿಯೋ ಅದರಲ್ಲೇ ಇರುತ್ತೆ, ತೆರೆಯಲ್ಲ ಅಷ್ಟೆ. ಹಾಗಾದರೆ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ ಮಾರಾಯ್ರೇ. ಅದೇ ಕಾರ್ಡನ್ನ ಅದೇ ಡ್ರೋನಿಗೆ ಹಾಕಿ ಆನ್ ಮಾಡಿ. ಕೆಲವು ಡ್ರೋನ್‌ಗಳು ಫೈಲನ್ನ ತಾವೇ ರಿಪೇರಿ ಮಾಡಿಕೊಳ್ತವೆ.

100 ಎಂಬಿಪಿಎಸ್‌ನ (ಸೆಕೆಂಡಿಗೆ 100 ಮೆಗಾಬಿಟ್) 4ಕೆ ವಿಡಿಯೋ ಅಂದ್ರೆ ನಿಮಿಷಕ್ಕೆ ಸುಮಾರು 750 ಎಂಬಿ. 20 ನಿಮಿಷದ ಒಂದು ಬ್ಯಾಟರಿಗೆ 15 ಜಿಬಿ.
ಅದಕ್ಕೇ 256 ಜಿಬಿಯ ಒಂದೇ ಕಾರ್ಡಿಗಿಂತ 64 ಜಿಬಿಯ ನಾಲ್ಕು ವಾಸಿ. ಕಾರ್ಡ್ ಬದಲಿಸ್ತಾ ಇದ್ರೆ, ಡ್ರೋನ್ ಕೆರೆಗೆ ಬಿದ್ರೂ ಮುಹೂರ್ತದ ವಿಡಿಯೋ ಜೇಬಲ್ಲಿರುತ್ತೆ.
(ಕಾರ್ಡ್ ಮೇಲೆ ವಿ30 ಅನ್ನೋ ವೇಗದ ಗುರುತು ಇರಲಿ.)

ಕಾಪಿ ಎರಡು ಕಡೆ: ಲ್ಯಾಪ್‌ಟಾಪು, ಜೊತೆಗೊಂದು ಎಸ್‌ಎಸ್‌ಡಿ ಡ್ರೈವ್. ಫೋಲ್ಡರ್ ಸೈಜ್ ತಾಳೆ ನೋಡಿ. ಒಂದೊಂದು ಕ್ಲಿಪ್ಪಿನ ಕೊನೇ ಹತ್ತು ಸೆಕೆಂಡ್ ಓಡಿಸಿ. ಅರ್ಧಕ್ಕೆ ನಿಂತ ಕಾಪಿ ಅಲ್ಲೇ ಸಿಕ್ಕಿಬೀಳೋದು. ಆಮೇಲೆ ಫಾರ್ಮ್ಯಾಟ್, ಅದೂ ಡ್ರೋನಲ್ಲೇ.

ಫೋನಿನ ಆ್ಯಪಲ್ಲಿ ತಾನಾಗೇ ಉಳಿದಿರೋ ವಿಡಿಯೋ ನಂಬಿ ಕಾರ್ಡ್ ಅಳಿಸೋರೂ ಇದ್ದಾರೆ. ಅದು ಆ್ಯಪ್ ತಾತ್ಕಾಲಿಕವಾಗಿ ಇಟ್ಟುಕೊಂಡ ಕಡಿಮೆ ಕ್ವಾಲಿಟಿಯ ಪ್ರತಿ, ಒರಿಜಿನಲ್ ಅಲ್ಲ.