ಯುಗಾದಿಗೆ ಮನೆ ತುಂಬ ಜನ ಇದ್ದಾಗ ಒಬ್ಬಟ್ಟು

ಬೇವು-ಬೆಲ್ಲ ಹಂಚಿದ ಮೇಲೆ ಎಲ್ಲರ ಕಣ್ಣೂ ಒಬ್ಬಟ್ಟಿನ ಮೇಲೆಯೇ. ಹತ್ತು-ಹನ್ನೆರಡು ಜನ ಊಟಕ್ಕೆ ಕೂರುವ ಮನೆಗೆ ಅರ್ಧ ಕೆಜಿ ತೊಗರಿಬೇಳೆ, ಅಷ್ಟೇ ಬೆಲ್ಲ ಸಾಕು. ಸುಮಾರು 25 ಒಬ್ಬಟ್ಟು ಆಗುತ್ತವೆ.

ಮೊದಲು ಕಣಕ. 300 ಗ್ರಾಂ ಚಿರೋಟಿ ರವೆಗೆ ಚಿಟಿಕೆ ಅರಿಶಿನ, ಉಪ್ಪು, ನೀರು ಹಾಕಿ ಕೈಗೆ ಅಂಟುವಷ್ಟು ಮೆತ್ತಗೆ ಕಲಸಿ. ಅರ್ಧ ಬಟ್ಟಲು ಎಣ್ಣೆ ಸುರಿದು ನಾದಿ, ಮೂರು ಗಂಟೆ ನೆನೆಯಲು ಬಿಡಿ. ಇಲ್ಲಿ ಆತುರ ಬೇಡ. ನೆನೆಯದ ಕಣಕ ತಟ್ಟುವಾಗ ಹರಿಯುತ್ತದೆ.

ಬೇಳೆಯನ್ನು ಕುಕ್ಕರಿಗಿಂತ ತೆರೆದ ಪಾತ್ರೆಯಲ್ಲಿ ಬೇಯಿಸುವುದೇ ಸರಿ. ಬೆರಳಲ್ಲಿ ಒತ್ತಿದರೆ ಹಿಟ್ಟಾಗಬೇಕು, ನೀರಿನಲ್ಲಿ ಕರಗಿರಬಾರದು. ಆಗ ಬಸಿಯಿರಿ, ಬಸಿದ ನೀರು (ಕಟ್ಟು) ಸಾರಿಗೆ. ಬೇಳೆ ಪೂರ್ತಿ ಬೆಂದ ಮೇಲೆಯೇ ಬೆಲ್ಲ ಹಾಕಿ, ಮುಂಚೆ ಹಾಕಿದರೆ ಬೇಳೆ ಗಟ್ಟಿಯಾಗಿಯೇ ಉಳಿಯುತ್ತದೆ. ಬೆಲ್ಲ ಕರಗಿ ನೀರಾಗಿ, ಮತ್ತೆ ಬತ್ತಿ, ಸೌಟು ನೆಟ್ಟರೆ ನಿಲ್ಲುವಂತಾದಾಗ ಇಳಿಸಿ, ಏಲಕ್ಕಿ ಸೇರಿಸಿ ನುಣ್ಣಗೆ ರುಬ್ಬಿ. ಒಂದೇ ಒಂದು ಅರೆಬೆಂದ ಕಾಳು ಉಳಿದರೂ ಅಲ್ಲೇ ಕಣಕ ತೂತಾಗಿ, ಹೂರಣ ಹೆಂಚಿಗೆ ಅಂಟಿ ಸೀಯುತ್ತದೆ. ಹೂರಣ ತೆಳ್ಳಗಾಯಿತೆಂದು ಹಿಟ್ಟು ಬೆರೆಸಬೇಡಿ, ರುಚಿ ಕೆಡುತ್ತದೆ. ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚಿ.

ದೊಡ್ಡ ನಿಂಬೆ ಗಾತ್ರದ ಹೂರಣದುಂಡೆಗೆ ಅದರ ಅರ್ಧಕ್ಕಿಂತ ಕಡಿಮೆ ಕಣಕ. ಎಣ್ಣೆ ಸವರಿದ ಬಾಳೆಲೆಯ ಮೇಲೆ ನಡುವಿನಿಂದ ಅಂಚಿಗೆ ತಟ್ಟಿ, ಮಧ್ಯಮ ಉರಿಯಲ್ಲಿ ಎರಡೂ ಬದಿ ಬೇಯಿಸಿ. ಬಡಿಸುವಾಗ ತುಪ್ಪ.

ಒಂದು ಹಿಡಿ ಹೂರಣ ಸಾರಿಗೆ ತೆಗೆದಿಡಲು ಮರೆಯಬೇಡಿ. ಅದನ್ನು ಕಟ್ಟಿನಲ್ಲಿ ಕದಡಿ, ಹುಣಸೆ ರಸ, ಸಾರಿನ ಪುಡಿ ಹಾಕಿ ಕುದಿಸಿ ಒಗ್ಗರಣೆ ಕೊಡಿ. ಒಬ್ಬಟ್ಟಿನ ಸಾರು ಮಾರನೇ ದಿನವೇ ಹೆಚ್ಚು ರುಚಿ.