ಹುಬ್ಬಳ್ಳಿ-ಧಾರವಾಡದಲ್ಲಿ ಸಮುದ್ರ ಎಲ್ಲಿದೆ ಅಂತ ಕೇಳುವವರಿಗೆ

"ಧಾರವಾಡದಲ್ಲಿ ಕೂತು ಸಮುದ್ರದ ಪ್ಲಾಸ್ಟಿಕ್ ಬಗ್ಗೆ ಏನ್ ಸಂಶೋಧನೆ ಮಾಡ್ತೀರಿ?" ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಇನ್ನು ಮೇಲೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ.

ಪ್ರಶ್ನೆಗಿಂತ ಜಾಸ್ತಿ ಬೇಸರ ತರಿಸುವುದು ಕೇಳುವ ಧಾಟಿ. ನಾನೇನೋ ಎರೆ ಹೊಲದಲ್ಲಿ ನಿಂತು ಬಲೆ ಬೀಸುತ್ತಿದ್ದೇನೆ ಅನ್ನುವ ಹಾಗೆ!

ಧಾರವಾಡದ ಸೋಮೇಶ್ವರ ಗುಡಿ ನೋಡಿದ್ದೀರಲ್ವಾ? ಅಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿ ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿಯಾಗಿ ಅಂಕೋಲೆಯ ಹತ್ತಿರ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಬೆಣ್ಣಿಹಳ್ಳ ನವಲಗುಂದದ ಕಡೆ ಹರಿದು ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ನಮಗೆ ಒಂದಲ್ಲ, ಎರಡು ಸಮುದ್ರ.

ಮಳೆ ನಿಂತ ಮೇಲೆ ಬೆಣ್ಣಿಹಳ್ಳದ ದಂಡೆ ನೋಡಿ. ಜಾಲಿ ಮುಳ್ಳಿಗೆ ಹೆಗಲೆತ್ತರದಲ್ಲಿ ಹಾಲಿನ ಪ್ಯಾಕೆಟ್ಟಿನ ಚಿಂದಿ ಸಿಕ್ಕಿಕೊಂಡಿರುತ್ತದೆ. ಬಿಸಿಲು ತಿಂದ ಚಿಂದಿ ಬೆರಳಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತದೆ. 5 ಮಿಲಿಮೀಟರಿಗಿಂತ ಸಣ್ಣದಾದರೆ ಅದೇ ಮೈಕ್ರೋಪ್ಲಾಸ್ಟಿಕ್. ದಂಡೆಯ ಎರೆಮಣ್ಣನ್ನು ಗಟ್ಟಿ ಉಪ್ಪುನೀರಿಗೆ ಹಾಕಿ ಕಲಕಿಡುತ್ತೇನೆ. ಮಣ್ಣು ತಳ ಸೇರುತ್ತದೆ. ನೀಲಿ ಎಳೆ, ಬಿಳಿ ಚೂರು ಮೇಲೆ ತೇಲುತ್ತವೆ. ನನ್ನ ಕೆಲಸ ಇದು. ಇದಕ್ಕೆ ಕಾರವಾರ ಯಾಕೆ ಬೇಕು?

ಹುಬ್ಬಳ್ಳಿಯ ಒಂದು ಮದುವೆಯಲ್ಲಿ ದೂರದ ಸಂಬಂಧಿಕರೊಬ್ಬರು ಇದೇ ಪ್ರಶ್ನೆ ಕೇಳಿದರು. ಕೈಯಲ್ಲಿ ಪೇಪರ್ ಕಪ್ಪಿನ ಚಹಾ. ಅವರು ಕುಡಿದು ಮುಗಿಸುವವರೆಗೆ ಕಾದೆ. ಖಾಲಿ ಕಪ್ಪನ್ನು ನೀರಲ್ಲಿ ನೆನೆಸಿ, ಉಗುರಿನಿಂದ ಒಳಗಿನ ತೆಳ್ಳನೆ ಪ್ಲಾಸ್ಟಿಕ್ ಪೊರೆ ಬಿಡಿಸಿ ಅವರ ಅಂಗೈಗಿಟ್ಟೆ. ಇಂಥ ಕಪ್ಪಿನಲ್ಲಿ 100 ಮಿಲಿಲೀಟರ್ ಬಿಸಿನೀರು 15 ನಿಮಿಷ ಇದ್ದರೆ ಸುಮಾರು 25,000 ಕಣ ಬಿಡುತ್ತವೆ ಅಂತ ಐಐಟಿ ಖರಗಪುರದವರು 2020ರಲ್ಲೇ ಹೇಳಿದ್ದಾರೆ. ಇದನ್ನು ಹೇಳಿದ ಮೇಲೆ ಆ ಸಂಬಂಧಿಕರು ಸುಮ್ಮನಾದರು. ಪಕ್ಕದಲ್ಲಿದ್ದ ಅವರ ತಾಯಿ ಕೇಳಿದರು: "ಒಳಗ ಹೋದದ್ದನ್ನ ತಗಿಯಾಕ ಔಷಧ ಐತೇನ್ ತಂಗಿ?"

ಅಬ್ಬಾ, ಇಂಥ ಪ್ರಶ್ನೆ ಕೇಳಿ!

ಇಲ್ಲ, ಅಜ್ಜಿ. ಕೆಲಸ ಮಾಡುತ್ತದೆ ಅಂತ ಸಾಬೀತಾದ ಔಷಧ ಇನ್ನೂ ಇಲ್ಲ. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಜನರ ರಕ್ತ ಪರೀಕ್ಷಿಸಿದಾಗ 17 ಜನರಲ್ಲಿ ಪ್ಲಾಸ್ಟಿಕ್ ಸಿಕ್ಕಿತು. 2024ರಲ್ಲಿ ಇಟಲಿಯ ವೈದ್ಯರು, ಕತ್ತಿನ ರಕ್ತನಾಳದಲ್ಲಿ ಕಟ್ಟಿದ ಕೊಬ್ಬನ್ನು ತೆಗೆಸಿಕೊಂಡ 257 ಜನರ ವಿವರ ಕೊಟ್ಟರು. 150 ಜನರ ಕೊಬ್ಬಿನಲ್ಲಿ ಪಾಲಿಥಿನ್ ಇತ್ತು. ಪ್ಲಾಸ್ಟಿಕ್ ಸಿಕ್ಕವರಿಗೆ ಮುಂದಿನ ಸುಮಾರು 34 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಸುಮಾರು 4.5 ಪಟ್ಟು ಜಾಸ್ತಿ. ಪ್ಲಾಸ್ಟಿಕ್ಕೇ ಕಾರಣ ಅಂತ ಇದರಿಂದ ಹೇಳಲಾಗದು. ಆದರೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2016ರಲ್ಲಿ ಜಪಾನಿನವರು ತೋರಿಸಿದ ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಬಗ್ಗೆಯೂ ಕೇಳುತ್ತಾರೆ. ಅದು ತಿನ್ನುವುದು ನೀರಿನ ಬಾಟಲಿಯ ಪೆಟ್ ಪ್ಲಾಸ್ಟಿಕ್. ತೆಳ್ಳನೆ ಹಾಳೆ ತಿನ್ನಲೂ ವಾರಗಟ್ಟಲೆ ಬೇಕು. ನಮ್ಮ ರಕ್ತ ತೊಳೆಯಲು ಬರುವುದಿಲ್ಲ.

ಹಾಗಂತ ಎಲ್ಲ ಪ್ಲಾಸ್ಟಿಕ್ ಬೇಡ ಅನ್ನುವವಳಲ್ಲ ನಾನು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಅವರ ಕೈಗೆ ಹೋಗುತ್ತಿದ್ದ ಸಲೈನ್ ಕೊಳವೆಯ ಹನಿ ಎಣಿಸುತ್ತಾ ಕೂತವಳು. ಅಲ್ಲಿ ಅದು ಬೇಕೇ ಬೇಕು. ಎರಡು ಗುಟುಕು ಚಹಾಕ್ಕೆ ಬೇಕಾ?

ಈ ಸಲ ಮಳೆ ನಿಂತ ಮೇಲೆ ಮತ್ತೆ ಬೆಣ್ಣಿಹಳ್ಳಕ್ಕೆ ಹೋಗುತ್ತೇನೆ. ಬರುವವರು ಬನ್ನಿ. ನನ್ನ ಹತ್ತಿರ ಎರಡು ಜರಡಿ ಇವೆ.